ಹಣ್ಣುಮೆಣಸಿನಕಾಯಿ ಖಾರದುಪ್ಪು: ನಾನು ಮಾಡುವ ಬಗೆ

ತಳ್ಳುಗಾಡಿಯಲ್ಲಿ ಸೀಬೆಕಾಯಿಗೆ ಹಚ್ಚಿಕೊಡುವ ಉಪ್ಪು-ಖಾರ ಸಾಮಾನ್ಯವಾಗಿ ಪುಡಿಯುಪ್ಪಿಗೆ ಅಚ್ಚಖಾರದ ಪುಡಿ ಬೆರೆಸಿದ್ದು. ಡಬ್ಬಿ ನಾಲ್ಕು ಸಲ ಅಲುಗಾಡಿದರೆ ಉಪ್ಪೇ ಒಂದು ಕಡೆ, ಖಾರವೇ ಒಂದು ಕಡೆ. ನಾನಿಲ್ಲಿ ಹೇಳುವ ಖಾರದುಪ್ಪಿನಲ್ಲಿ ಹಸಿ ಹಣ್ಣುಮೆಣಸಿನಕಾಯಿಯ ರಸ ಉಪ್ಪಿನ ಹರಳಿಗೆ ಅಂಟಿಕೊಂಡು ಅಲ್ಲೇ ಒಣಗಿರುತ್ತದೆ. ಒಂದೊಂದು ಹರಳಿನಲ್ಲೂ ಅದೇ ಬಣ್ಣ, ಅದೇ ಖಾರ.

ಅಳತೆ: ತೊಟ್ಟು, ಬೀಜ ತೆಗೆದ ಹಣ್ಣುಮೆಣಸಿನಕಾಯಿ 100 ಗ್ರಾಂ, ಕಲ್ಲುಪ್ಪು 300 ಗ್ರಾಂ. ಈ ಒಂದಕ್ಕೆ ಮೂರರ ಲೆಕ್ಕಕ್ಕೆ ಕಾರಣವಿದೆ. 100 ಗ್ರಾಂ ಹಸಿ ಮೆಣಸಿನಕಾಯಲ್ಲಿ ಸುಮಾರು 85 ಗ್ರಾಂ ನೀರೇ. 100 ಮಿಲೀ ನೀರಿನಲ್ಲಿ 36 ಗ್ರಾಂನಷ್ಟು ಉಪ್ಪು ಕರಗುತ್ತದೆ, ಅಂದರೆ ಇಲ್ಲಿ ಸುಮಾರು 30 ಗ್ರಾಂ. ಉಳಿದ 270 ಗ್ರಾಂ ಹರಳಾಗಿಯೇ ಉಳಿಯುತ್ತದೆ. ನೀರು ಆರಿದಂತೆ ಕರಗಿದ 30 ಗ್ರಾಂ ಬಣ್ಣ, ಖಾರಗಳ ಜೊತೆ ಮತ್ತೆ ಹರಳಿನ ಮೈಮೇಲೆ ಪದರವಾಗಿ ಕೂರುತ್ತದೆ. ಉಪ್ಪನ್ನು 150 ಗ್ರಾಂಗೆ ಇಳಿಸಿದರೆ ಇಡೀ ಮಿಶ್ರಣ ಕೆಸರಾಗಿ, ಒಣಗುವಾಗ ಹಲಗೆಯ ಹಾಗೆ ಗಟ್ಟಿಯಾಗುತ್ತದೆ.

ಹಣ್ಣುಮೆಣಸಿನಕಾಯಿ ಚೆನ್ನಾಗಿ ಸಿಗುವುದು ಡಿಸೆಂಬರಿನಿಂದ ಫೆಬ್ರವರಿವರೆಗೆ, ಉತ್ತರ ಕರ್ನಾಟಕದ ಮನೆಗಳಲ್ಲಿ ರಂಜಕ (ಹಣ್ಣುಮೆಣಸಿನಕಾಯಿ ಚಟ್ನಿ) ಹಾಕುವ ಕಾಲ. ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿನಲ್ಲಿ ಬೆಳಗ್ಗೆಯೇ ಹೋದರೆ ಆರಿಸಿಕೊಳ್ಳಬಹುದು. ಪೂರ್ತಿ ಕೆಂಪಾಗಿರಬೇಕು, ತೊಟ್ಟಿನ ಹತ್ತಿರ ಒತ್ತಿದರೆ ಮೆತ್ತಗಿರಬಾರದು. ಅರೆಹಣ್ಣು ಸೇರಿದರೆ ಉಪ್ಪು ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಬಣ್ಣಕ್ಕೆ ಉದ್ದನೆಯ ಕಾಯಿ 70 ಗ್ರಾಂ, ಖಾರಕ್ಕೆ ಕೆಂಪು ಸೂಜಿಮೆಣಸು 30 ಗ್ರಾಂ ಹಾಕುತ್ತೇನೆ. ಸೂಜಿಮೆಣಸು ಸಿಗದಿದ್ದರೆ ಉದ್ದನೆಯದೇ ಸಾಕು. ತೊಳೆದ ಮೇಲೆ ಬಟ್ಟೆಯಲ್ಲಿ ಒರೆಸಿ ಒಂದು ಗಂಟೆ ಫ್ಯಾನಿನ ಕೆಳಗೆ ಹರಡಿ. ಸಿಪ್ಪೆಯ ಮೇಲಿನ ನೀರೂ ಲೆಕ್ಕ ಕೆಡಿಸುತ್ತದೆ. ಬೀಜ ತೆಗೆಯಿರಿ, ಆದರೆ ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ನಾರನ್ನು ತೆಗೆದು ಎಸೆಯಬೇಡಿ. ಖಾರವೆಲ್ಲ ಹೆಚ್ಚಾಗಿ ಅದರಲ್ಲೇ. ಸೂಜಿಮೆಣಸಿನ ಬೀಜ ತೆಗೆಯುತ್ತ ಕೂರಬೇಕಿಲ್ಲ. ಕೈ ಉರಿದರೆ ಬರೀ ನೀರಿಗೆ ಹೋಗುವುದಿಲ್ಲ. ಮೊದಲು ಅಡುಗೆ ಎಣ್ಣೆ ಹಚ್ಚಿ ಉಜ್ಜಿ, ಆಮೇಲೆ ಸೋಪಿನಲ್ಲಿ ತೊಳೆಯಿರಿ.

ಉಪ್ಪು ಕಲ್ಲುಪ್ಪೇ ಆಗಬೇಕು. ಪುಡಿಯುಪ್ಪು ರಸ ತಗುಲಿದ ಕೂಡಲೇ ಕರಗಿ ಸಿಮೆಂಟಿನ ಹಾಗೆ ಹಿಡಿದುಕೊಳ್ಳುತ್ತದೆ. ಕಲ್ಲುಪ್ಪನ್ನು ದಪ್ಪ ತಳದ ಸ್ಟೀಲ್ ಬಾಣಲೆಯಲ್ಲಿ ಸಣ್ಣ ಉರಿಗೆ ಐದಾರು ನಿಮಿಷ ಹುರಿಯಿರಿ. ಹರಳಿನೊಳಗೆ ಸಿಕ್ಕಿಕೊಂಡ ನೀರು ಹೊರಗೆ ಬರುವಾಗ ಚಟಚಟ ಅನ್ನುತ್ತದೆ. ಆ ಸದ್ದು ನಿಂತು, ಉಪ್ಪು ಸೌಟಿಗೆ ಮರಳಿನ ಹಾಗೆ ಸಡಿಲವಾಗಿ ಸಿಕ್ಕಾಗ ಇಳಿಸಿ. ಆರಿದ ಮೇಲೆ ಕುಟ್ಟಾಣಿಯಲ್ಲಿ ದಪ್ಪ ರವೆಯಷ್ಟು ಕುಟ್ಟಿ, ಜರಡಿ ಹಿಡಿದು ಧೂಳು ಬೇರೆ ಮಾಡಿ. ಧೂಳು ಸಾರಿಗಾಗುತ್ತದೆ, ಇಲ್ಲಿ ಬೇಡ. 300 ಗ್ರಾಂ ತೂಗುವುದು ಇದೆಲ್ಲ ಆದ ಮೇಲೆ.

ಮೆಣಸಿನಕಾಯಿಯನ್ನು ಒಂದು ಹನಿಯೂ ನೀರು ಹಾಕದೆ ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ ನುಣ್ಣಗೆ ಮಾಡಿ. ತಿರುಗದಿದ್ದರೆ ತೂಗಿಟ್ಟ ಉಪ್ಪಿನಿಂದಲೇ ಎರಡು ಚಮಚ ಹಾಕಿ, ರಸ ಬಿಟ್ಟುಕೊಳ್ಳುತ್ತದೆ. ಮುಚ್ಚಳ ತೆಗೆಯುವ ಮೊದಲು ಎರಡು ನಿಮಿಷ ಕಾಯಿರಿ, ಘಾಟು ಕೂತುಕೊಳ್ಳಲಿ. ರುಬ್ಬಿದ್ದನ್ನು ತೂಗಿಟ್ಟ ಉಪ್ಪಿಗೆ ಹಾಕಿ ಕಲಸಿ. ಜಾರಿನೊಳಗೆ ಅಂಟಿದ್ದನ್ನು ಅದೇ ಉಪ್ಪಿನಿಂದ ಒಂದು ಹಿಡಿ ಹಾಕಿ ಉಜ್ಜಿ ತೆಗೆದರೆ ಏನೂ ದಂಡವಾಗುವುದಿಲ್ಲ. ಕಲಸಿದ್ದು ಒದ್ದೆ ಮರಳಿನ ಹಾಗಿರಬೇಕು, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು. ಒಂದು ರಾತ್ರಿ ಗಾಜಿನ ಬಟ್ಟಲಲ್ಲಿ ಮುಚ್ಚಿಡಿ. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ, ಉಪ್ಪು ಅದನ್ನು ತಿನ್ನುತ್ತದೆ. ಮಿಕ್ಸಿ ಬ್ಲೇಡನ್ನೂ ಆಗಿಂದಾಗಲೇ ತೊಳೆದು ಒರೆಸಿಡಿ.

ಬೆಂಗಳೂರಿನಲ್ಲಿ ಕೆಲಸ ಕೆಡುವುದು ಒಣಗಿಸುವ ಹಂತದಲ್ಲಿ. ಗಾಳಿಯ ಆರ್ದ್ರತೆ ಶೇ 75 ದಾಟಿತೆಂದರೆ ಉಪ್ಪು ಒಣಗುವುದಿರಲಿ, ತಾನೇ ಗಾಳಿಯಿಂದ ನೀರು ಎಳೆದುಕೊಳ್ಳುತ್ತದೆ. ಕಲ್ಲುಪ್ಪಿನಲ್ಲಿರುವ ಮೆಗ್ನೀಸಿಯಂ ಅಂಶ ಅದಕ್ಕೂ ಮೊದಲೇ ಬೆವರಲು ಶುರುಮಾಡುತ್ತದೆ. ಇಲ್ಲಿ ಮಳೆಗಾಲದುದ್ದಕ್ಕೂ ರಾತ್ರಿ, ಬೆಳಗಿನ ಹೊತ್ತು ಹೀಗೇ ಇರುತ್ತದೆ. ಚಳಿಗಾಲದ ಮಂಜಿನ ಬೆಳಗುಗಳಲ್ಲೂ ಅಷ್ಟೆ. ಹಾಗಾಗಿ ಜನವರಿ ಬಿಸಿಲಿದ್ದರೂ ತಟ್ಟೆ ತಾರಸಿಗೆ ಹೋಗುವುದು ಹತ್ತು ಗಂಟೆಗೆ, ಇಳಿಯುವುದು ನಾಲ್ಕಕ್ಕೆ. ರಾತ್ರಿ ಹೊರಗೆ ಬಿಟ್ಟರೆ ಹಗಲು ಆರಿದ್ದೆಲ್ಲ ವಾಪಸ್ ಬರುತ್ತದೆ. ಅರ್ಧ ಸೆಂಟಿಮೀಟರಿಗಿಂತ ದಪ್ಪ ಹರಡಬೇಡಿ. ಮೇಲೆ ತೆಳು ಪಂಚೆ ಕಟ್ಟಿ. ಧೂಳು, ಪಾರಿವಾಳಗಳ ಕಾಟಕ್ಕಷ್ಟೇ ಅಲ್ಲ, ನೇರ ಬಿಸಿಲಿಗೆ ಕೆಂಪು ಬಣ್ಣ ಬೇಗ ಮಂಕಾಗುತ್ತದೆ. ಗಂಟೆಗೊಮ್ಮೆ ಫೋರ್ಕಿನಿಂದ ಕೆದಕಿ. ಕೆದಕದಿದ್ದರೆ ಮೇಲೆ ಸಿಪ್ಪೆಗಟ್ಟಿ ಕೆಳಗೆ ಒದ್ದೆ ಉಳಿಯುತ್ತದೆ. ಎರಡು ಮೂರು ದಿನ ಬೇಕು.

ಮೋಡವಿದ್ದರೆ ಓಟಿಜಿ (ಮನೆಬಳಕೆಯ ಚಿಕ್ಕ ಕರೆಂಟ್ ಓವನ್). 100 ಡಿಗ್ರಿಗಿಂತ ಮೇಲೆ ಬೇಡ. ಬಾಗಿಲ ಸಂದಿಗೆ ಮರದ ಸೌಟು ಸಿಕ್ಕಿಸಿ, ಹಬೆ ಹೊರಗೆ ಹೋಗಲಿ. ಹದಿನೈದು ನಿಮಿಷಕ್ಕೊಮ್ಮೆ ಕೆದಕುತ್ತ ಸುಮಾರು ಎರಡು ಗಂಟೆ. ಕಿಟಕಿ ತೆರೆದಿಡಿ, ಚಿಕ್ಕ ಮಕ್ಕಳು ಅಡುಗೆಮನೆಯಲ್ಲಿ ಬೇಡ. ಶಾಖ ಹೆಚ್ಚಾದರೆ ಹಣ್ಣಿನ ಸಕ್ಕರೆ ಕಂದಿ ಕಾಫಿಪುಡಿ ಬಣ್ಣ ಬರುತ್ತದೆ, ಬಾಯಲ್ಲಿ ಕಹಿ ಉಳಿಯುತ್ತದೆ. ಅದನ್ನು ಸರಿಮಾಡಲು ದಾರಿಯಿಲ್ಲ.

ಒಣಗಿತೇ ಅನ್ನುವುದಕ್ಕೆ ಕೈ ಸಾಕ್ಷಿಯಲ್ಲ, ತಕ್ಕಡಿ ಸಾಕ್ಷಿ. ಹರಡುವ ಮೊದಲೇ ಖಾಲಿ ತಟ್ಟೆಯ ತೂಕ ಬರೆದಿಟ್ಟುಕೊಳ್ಳಿ. 300 ಗ್ರಾಂ ಉಪ್ಪು, ಜೊತೆಗೆ ಕಾಯಿಯ ಒಣ ಅಂಶ 15 ಗ್ರಾಂ, ಒಟ್ಟು 315ರ ಆಸುಪಾಸಿಗೆ ಬರಬೇಕು. 330 ತೋರಿಸಿದರೆ ಇನ್ನೂ ಹದಿನೈದು ಗ್ರಾಂ ನೀರು ಒಳಗಿದೆ, ಕೈಗೆ ಎಷ್ಟೇ ಒಣಗಿದಂತೆ ಕಂಡರೂ. ಅರ್ಧ ಗಂಟೆ ಅಂತರದ ಎರಡು ತೂಕ ಒಂದೇ ಬಂದರೆ ನಿಲ್ಲಿಸಿ. ಗಂಟುಗಳಿದ್ದರೆ ಕುಟ್ಟಾಣಿಯಲ್ಲಿ ಮೆಲ್ಲಗೆ ಒಡೆಯಿರಿ. ಮಿಕ್ಸಿಗೆ ಹಾಕಿದರೆ ಹೊರಪದರ ಪುಡಿಯಾಗಿ ಒಳಗಿನ ಬಿಳಿ ಕಾಣಿಸುತ್ತದೆ.

ಹಣ್ಣುಮೆಣಸಿನಕಾಯಿ ಇಲ್ಲದ ಕಾಲದಲ್ಲಿ ಬೀಜ ತೆಗೆದ ಬ್ಯಾಡಗಿ 20 ಗ್ರಾಂ, ಗುಂಟೂರು 5 ಗ್ರಾಂ, 65 ಮಿಲೀ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಅದೇ ನೀರಿನ ಜೊತೆ ರುಬ್ಬಿದರೆ ಇದೇ ವಿಧಾನ ನಡೆಯುತ್ತದೆ. ಬಣ್ಣ ಇನ್ನೂ ಗಾಢ, ಹಸಿ ಕಾಯಿಯ ಆ ಹಣ್ಣಿನ ಪರಿಮಳ ಮಾತ್ರ ಇರದು. ನಿಂಬೆರಸ ಸೇರಿಸಬೇಡಿ. ಅದರ ಅಂಟು ಕೊನೆವರೆಗೂ ಹೋಗುವುದಿಲ್ಲ. ಹುಳಿ ಬೇಕಾದರೆ ತಿನ್ನುವಾಗ ಹಿಂಡಿಕೊಳ್ಳಿ. ಕರಿಮೆಣಸು ಇಷ್ಟಪಡುವವರು ಒಣಗಿದ ಮೇಲೆ ತರಿತರಿ ಕುಟ್ಟಿದ್ದು ಒಂದು ಚಮಚ ಬೆರೆಸಬಹುದು.

ಪ್ಲಾಸ್ಟಿಕ್ ಮುಚ್ಚಳದ ಗಾಜಿನ ಬಾಟಲಿಯಲ್ಲಿ, ಬೆಳಕು ಬೀಳದ ಕಡೆ ಇಡಿ. ತಗಡಿನ ಮುಚ್ಚಳ ತುಕ್ಕು ಹಿಡಿಯುತ್ತದೆ. ದಿನಬಳಕೆಗೆ ಚಿಕ್ಕ ಬಾಟಲಿ ಬೇರೆ ಇರಲಿ, ದೊಡ್ಡದನ್ನು ಮಳೆಗಾಲದಲ್ಲಿ ಪದೇಪದೇ ತೆಗೆಯಬೇಡಿ. ಇದರಲ್ಲಿ ಶೇ 95 ಉಪ್ಪೇ ಆದ್ದರಿಂದ ಇದನ್ನು ಹಾಕಿದ ಕಡೆ ಬೇರೆ ಉಪ್ಪು ಬೇಡ. ಸೌತೆಕಾಯಿ, ಅನಾನಸಿಗೆ ತಿನ್ನುವ ಹೊತ್ತಿಗೇ ಉದುರಿಸಿ, ಇಲ್ಲದಿದ್ದರೆ ನೀರೊಡೆಯುತ್ತದೆ. ಅವರೆಕಾಯಿ ಕಾಲದಲ್ಲಿ ಹಿತಕಬೇಳೆ ಕರಿದು, ಬಿಸಿ ಎಣ್ಣೆಯ ಪಸೆ ಇನ್ನೂ ಇರುವಾಗಲೇ 100 ಗ್ರಾಂಗೆ ಕಾಲು ಚಮಚ ಹಾಕಿ ಕುಲುಕಿ. ಖಾರ ಎಣ್ಣೆಯಲ್ಲಿ ಕರಗುವಂಥದ್ದು, ಅದಕ್ಕೇ ಒಂದೊಂದು ಬೇಳೆಗೂ ಹಿಡಿಯುತ್ತದೆ.