ಮಕ್ಕಳಿಗೆ ಜೊತೆಗಾರರನ್ನ ಕೊಡ್ತೀರಾ? ಮೊದಲು ದೊಡ್ಡವರ ಹಾಜರಿ ತಗೊಳ್ಳಿ

ಸ್ಕೂಲು ಬಿಡೋ ಹಂತಕ್ಕೆ ಬಂದಿರೋ ಮಕ್ಕಳು, ಮನೇಲಿ ಕುಡಿತ ಹೊಡೆದಾಟ ನೋಡ್ಕೊಂಡೇ ಬೆಳೀತಿರೋ ಮಕ್ಕಳು, ಇವರಿಗೆ ಏನಾದ್ರೂ ಮಾಡ್ಬೇಕು ಅಂತ ನಾಲ್ಕು ಜನ ಸೇರಿದ್ರೆ ಮೊದಲು ಬರೋ ಮಾತು ಬ್ಯಾಗ್ ಹಂಚೋಣ ಅಂತ, ಎರಡನೇದು ಉದ್ಘಾಟನೆಗೆ ಯಾರನ್ನ ಕರೆಯೋಣ ಅಂತ. ಎರಡನ್ನೂ ಪಕ್ಕಕ್ಕಿಡಿ. ಒಂದು ಮಗುವಿಗೆ ಜೊತೆಗಾರರಾಗಿ ಒಬ್ಬ ದೊಡ್ಡವರು, ವಾರಕ್ಕೊಂದ್ಸಲ ಬಂದು ಜೊತೆಗೆ ಕೂರೋಕೆ, ಕನಿಷ್ಠ ಒಂದು ವರ್ಷ. ಇಷ್ಟು ಮಾಡೋಕಾದ್ರೆ ಮಾತ್ರ ಮುಂದೆ ಓದಿ.

ಹಂತ 1: ಹತ್ತೇ ಮಕ್ಕಳಿಂದ ಶುರು ಮಾಡಿ. ಯಾರಿಗೆ ಬೇಕು ಅನ್ನೋದನ್ನ ಟೀಚರ್ರು, ಆರೋಗ್ಯ ಕಾರ್ಯಕರ್ತೆಯರು ಹೇಳ್ತಾರೆ. ಬಾಗಿಲಿಗೆ ‘ಅಪಾಯದಲ್ಲಿರುವ ಮಕ್ಕಳ ಕೇಂದ್ರ’ ಅಂತ ಬೋರ್ಡ್ ಮಾತ್ರ ಹಾಕ್ಬೇಡಿ, ಆ ಬೋರ್ಡಿನ ಕೆಳಗೆ ಯಾವ ಹುಡುಗ ತಲೆ ಎತ್ಕೊಂಡು ಒಳಗೆ ಬರ್ತಾನೆ?

ಹಂತ 2: ನಾಲ್ಕು ಜನಕ್ಕೆ ಕಾಣೋ ಜಾಗ, ಪ್ರತಿ ವಾರ ಅದೇ ದಿನ, ಅದೇ ಹೊತ್ತು. ಮುಗೀತು.

ಹಂತ 3: ದೊಡ್ಡವರನ್ನ ಆರಿಸೋದು. ಎಲ್ಲರೂ ಎಡವೋದು ಇಲ್ಲೇ, ನಾವೂ ಎಡವಿದ್ವಿ. ತುಂಬಾ ಉತ್ಸಾಹದ ಒಬ್ಬರು ಬಂದ್ರು, ಅವತ್ತೇ ಒಂದು ಹುಡುಗಿ ಜೊತೆ ಕೂರಿಸಿದ್ವಿ, ಐದು ವಾರ ಬಂದ್ರು, ಆಮೇಲೆ ಫೋನೂ ಎತ್ಲಿಲ್ಲ. ಆ ಹುಡುಗಿ ಮುಂದಿನ ವಾರ ಬಾಗಿಲಿಗೆ ಮುಖ ಮಾಡ್ಕೊಂಡು ಕೂತಿತ್ತು, ಪಕ್ಕದ ಕುರ್ಚಿ ಮೇಲೆ ತನ್ನ ಬ್ಯಾಗ್ ಇಟ್ಕೊಂಡು, ಬೇರೆ ಯಾರೂ ಕೂರದ ಹಾಗೆ. ಯಾಕಮ್ಮ ಅಂದ್ರೆ “ನಾನೇನ್ ಯಾರಿಗೂ ಕಾಯ್ತಿಲ್ಲ” ಅಂತು.

ಇದು ಬರೀ ನಮ್ಮ ಕಥೆ ಅಲ್ಲ. ಹೀಗೇ ಒಂದು ಮಗುವಿಗೆ ಒಬ್ಬ ದೊಡ್ಡವರನ್ನ ಜೋಡಿಸೋ ಅಮೆರಿಕದ ‘ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್’ ಕಾರ್ಯಕ್ರಮದ ಮೇಲೆ 1995ರಲ್ಲಿ ಬಂದ ಅಧ್ಯಯನ 10ರಿಂದ 16 ವರ್ಷದ 959 ಮಕ್ಕಳನ್ನ ನೋಡಿತ್ತು, ಜೊತೆಗಾರರು ಸಿಕ್ಕ ಮಕ್ಕಳಲ್ಲಿ ಡ್ರಗ್ಸ್ ಶುರು ಮಾಡೋರು 46% ಕಡಿಮೆ ಇದ್ರು. ಎಲ್ಲರೂ ಹೇಳೋದು ಇಷ್ಟೇ. ಅದೇ ಮಾಹಿತಿಯನ್ನ ಮತ್ತೆ ಕೆದಕಿ 2002ರಲ್ಲಿ ಹೇಳಿದ್ದನ್ನ ಯಾರೂ ಹೇಳಲ್ಲ: ಜಾಸ್ತಿ ಲಾಭ ಆಗಿದ್ದು ವರ್ಷ ದಾಟಿದ ಜೋಡಿಗಳಿಗೆ, ಮೂರು ತಿಂಗಳೊಳಗೆ ಮುರಿದುಬಿದ್ದ ಕಡೆ ಮಕ್ಕಳಿಗೆ ತಮ್ಮ ಮೇಲಿದ್ದ ನಂಬಿಕೆನೇ ಕುಸಿದಿತ್ತು. ಅಂದ್ರೆ ಅರ್ಧಕ್ಕೆ ಬಿಟ್ಟು ಹೋಗೋರು ಬರದೇ ಇರೋದೇ ವಾಸಿ.

ಅದಕ್ಕೇ ಇಂಟರ್‌ವ್ಯೂನಲ್ಲಿ “ಮಕ್ಕಳಂದ್ರೆ ಇಷ್ಟಾನಾ” ಅಂತ ಕೇಳ್ಬೇಡಿ, ಇಲ್ಲ ಅನ್ನೋರು ಯಾರಿದಾರೆ. “ಕಳೆದ ಎರಡು ವರ್ಷದಲ್ಲಿ ವಾರಾವಾರ ತಪ್ಪದೆ ಮಾಡಿರೋ ಕೆಲಸ ಯಾವುದು” ಅಂತ ಕೇಳಿ. ಹಾಡು ಕಲಿಯೋಕೆ ಹೋಗಿದ್ದಾಗ್ಲಿ, ಅಜ್ಜಿನ ನೋಡೋಕೆ ಹೋಗಿದ್ದಾಗ್ಲಿ, ಏನಾದ್ರೂ ಒಂದು ಇರ್ಬೇಕು. ಟ್ರಾನ್ಸ್‌ಫರ್, ಪರೀಕ್ಷೆ, ಮದುವೆ ಏನಾದ್ರೂ ಹತ್ರದಲ್ಲಿದ್ಯಾ ಅಂತ ನಾಚ್ಕೊಳ್ದೆ ಕೇಳಿ. ಹಿನ್ನೆಲೆ ಪರಿಶೀಲನೆ ಎಲ್ಲರಿಗೂ ಆಗ್ಲೇಬೇಕು, “ನಮಗೆ ಗೊತ್ತಿರೋರು” ಅನ್ನೋರಿಗೆ ಮೊದಲು. ಆಮೇಲೆ ಮಗು ಕೊಡ್ದೆ ನಾಲ್ಕು ವಾರ ಸುಮ್ನೆ ಬಂದು ಕುರ್ಚಿ ಜೋಡಿಸೋಕೆ ಹೇಳಿ. ಬಹಳಷ್ಟು ಜನ ಮೂರನೇ ವಾರಕ್ಕೇ ಮಾಯ. ಒಳ್ಳೇದೇ ಆಯ್ತು. ಪುಸ್ತಕದಲ್ಲಿ ಹಾಜರಿ ಹಾಕೋದೂ ದೊಡ್ಡವರಿಗೇ, ಮಕ್ಕಳಿಗಲ್ಲ. ಇದಕ್ಕೆ ಆ್ಯಪ್ ಬೇರೆ ಮಾರ್ತಾರೆ, ಮಗುವಿನ ಫೋಟೋ, ಮನೆ ಅಡ್ರೆಸ್ ಎಲ್ಲ ಕೇಳುತ್ತೆ, ಅಂಥದ್ದರ ಹತ್ರಾನೂ ಹೋಗ್ಬೇಡಿ, ಒಂದು ನೋಟ್‌ಬುಕ್ ಸಾಕು.

ನಡುವೆ ಯಾರಾದ್ರೂ ಶಾರ್ಟ್‌ಕಟ್ ಹೇಳೇ ಹೇಳ್ತಾರೆ: ತುಂಟ ಹುಡುಗರನ್ನ ಜೈಲಿಗೆ ಕರ್ಕೊಂಡ್ಹೋಗಿ ಕೈದಿಗಳ ಬಾಯಲ್ಲಿ ಹೆದರಿಸಿದ್ರೆ ಸರಿಹೋಗ್ತಾರೆ ಅಂತ. ಅಮೆರಿಕದಲ್ಲಿ ‘ಸ್ಕೇರ್ಡ್ ಸ್ಟ್ರೈಟ್’ ಅಂತ ಮಾಡಿ ನೋಡಿದಾರೆ, ಪ್ರಯೋಗಗಳನ್ನೆಲ್ಲ ಸೇರಿಸಿ ನೋಡಿದ್ರೆ ಹಾಗೆ ಹೋಗಿಬಂದವರೇ ಆಮೇಲೆ ಹೆಚ್ಚು ತಪ್ಪು ಮಾಡಿದ್ದು. ಗಲಾಟೆ ಮಾಡೋರನ್ನಷ್ಟೇ ಆರಿಸಿ ಕ್ಯಾಂಪಿಗೆ ಕಳಿಸೋದೂ ಬೇಡ, ಅಲ್ಲಿ ಒಬ್ಬರಿಂದೊಬ್ಬರು ಏನ್ ಕಲೀತಾರೆ ಅಂತ ಹೇಳ್ಬೇಕಾ?

ಹಂತ 4: ಮನೆಗೆ ಹೋಗೋದು. ಇಬ್ಬರು ಹೋಗಿ, ಹೇಳಿ ಹೋಗಿ, ಕೈಯಲ್ಲಿ ಫೈಲು ಬೇಡ. “ನಿಮ್ಮ ಮಗನ ಸಮಸ್ಯೆ” ಅಂತ ಶುರು ಮಾಡಿದ್ರೆ ತಾಯಿ ಮುಖ ಅಲ್ಲೇ ಮುಚ್ಕೊಳ್ಳುತ್ತೆ, ಅವನು ಚೆನ್ನಾಗಿ ಮಾಡಿದ ಒಂದು ಕೆಲಸ ನೋಡಿಟ್ಕೊಂಡು ಅದನ್ನ ಮೊದಲು ಹೇಳಿ. ಯಾವ ದಿನ ಅನುಕೂಲ ಅಂತ ಅವರೇ ಹೇಳ್ಲಿ.

ಹಂತ 5: ಗುಟ್ಟು. “ಯಾರಿಗೂ ಹೇಳಲ್ಲ ಅಂತ ಪ್ರಾಮಿಸ್ ಮಾಡಿ” ಅಂತ ಮಗು ಒಂದಿನ ಕೇಳುತ್ತೆ. ಮಾಡ್ಬೇಡಿ. “ನಿನಗೆ ಯಾರಾದ್ರೂ ನೋವು ಮಾಡ್ತಿದ್ರೆ ಸಹಾಯ ಮಾಡೋರಿಗೆ ಹೇಳ್ಲೇಬೇಕಾಗುತ್ತೆ” ಅಂತ ಮೊದಲೇ ಹೇಳಿಬಿಡಿ. ಹೇಳೋಕೆ ಶುರು ಮಾಡಿದ್ರೆ ಪೊಲೀಸ್ ಥರ ಪ್ರಶ್ನೆ ಹಾಕ್ಬೇಡಿ, ಕೇಳಿಸ್ಕೊಳ್ಳಿ, ಮಗು ಆಡಿದ ಮಾತನ್ನ ಹಾಗೇ ಬರ್ಕೊಳ್ಳಿ, ಅವತ್ತೇ ಮಕ್ಕಳ ರಕ್ಷಣೆ ನೋಡೋರಿಗೆ ತಿಳಿಸಿ. ನೀವೇ ಹೋಗಿ ಮನೆಯವರನ್ನ ವಿಚಾರಿಸಿದ್ರೆ ಆ ರಾತ್ರಿ ಪೆಟ್ಟು ತಿನ್ನೋದು ಮಗು.

ಹಂತ 6: ಬೀಳ್ಕೊಡುಗೆ. ಜೊತೆಗಾರರು ನಿಜವಾಗ್ಲೂ ಹೋಗ್ಲೇಬೇಕು ಅಂದ್ರೆ ಒಂದು ತಿಂಗಳು ಮುಂಚೆ ಅವರೇ ಮಗುವಿಗೆ ಹೇಳ್ಲಿ, ನೀವಲ್ಲ. ಕೊನೇ ಮೂರು ವಾರ ಹೊಸಬರೂ ಜೊತೆಗೆ ಕೂರ್ಲಿ, ಮಗು ಮಾತಾಡಿಸದಿದ್ರೂ ಪರ್ವಾಗಿಲ್ಲ. ಆ ಕುರ್ಚಿ ಮೇಲಿಂದ ಬ್ಯಾಗ್ ತೆಗೆಯೋದು ಯಾವಾಗ ಅಂತ ಮಗುವೇ ನೋಡ್ಕೊಳ್ಳುತ್ತೆ.