ಅರಿಶಿನದ ನೀರು, ಮೂರು ಲೋಟ: ಮನೋವಿಜ್ಞಾನ ಕಲಿಸಿದ ನನ್ನ ಅನುಭವ

ಡಿ.ಎಡ್. ಕಾಲೇಜಿನಲ್ಲಿ ಮನೋವಿಜ್ಞಾನ ಪಾಠ ಮಾಡಲು ಶುರು ಮಾಡಿದ ಮೊದಲ ವರ್ಷಗಳಲ್ಲಿ ನಾನು ನೋಟ್ಸ್ ಬರೆಸುತ್ತಿದ್ದೆ. 1879ರಲ್ಲಿ ವುಂಟ್ ಲೈಪ್‌ಜಿಗ್‌ನಲ್ಲಿ ಪ್ರಯೋಗಾಲಯ ತೆರೆದರು, 1913ರಲ್ಲಿ ವಾಟ್ಸನ್ ವರ್ತನಾವಾದವನ್ನು ಮುಂದಿಟ್ಟರು, ಹೀಗೆ. ವಿದ್ಯಾರ್ಥಿಗಳು ಬಾಯಿಪಾಠ ಮಾಡಿ ಒಳ್ಳೆಯ ಅಂಕವನ್ನೇ ತೆಗೆಯುತ್ತಿದ್ದರು. ಆದರೆ ಪ್ರಾಕ್ಟೀಸ್ ಟೀಚಿಂಗ್‌ಗೆ ಶಾಲೆಗೆ ಹೋದಾಗ ಆ ಪಾಠದಲ್ಲಿ ಒಂದು ಸಾಲೂ ಅವರ ಕೈಗೆ ಬರುತ್ತಿರಲಿಲ್ಲ. ಅದು ನನ್ನನ್ನು ತುಂಬಾ ಕಾಡಿತು.

ಆಮೇಲೆ ಹೆಸರು, ಇಸವಿ ಎಲ್ಲ ಬದಿಗಿಟ್ಟು ಒಬ್ಬ ಹುಡುಗನಿಂದ ಶುರು ಮಾಡಿದೆ. ಮೂರನೇ ಕ್ಲಾಸಿನವನು. ಗಣಿತದ ಪೀರಿಯಡ್ ಬಂದರೆ ಸಾಕು, ಹೊಟ್ಟೆನೋವು ಅನ್ನುತ್ತಾನೆ. ಯಾಕೆ?

ಹೊಟ್ಟೆನೋವು ಅಂದ ಕೂಡಲೇ ಟೀಚರ್ ಅವನನ್ನು ಹೊರಗೆ ಕಳಿಸುತ್ತಾರೆ. ಬೇಡದ ಲೆಕ್ಕ ತಪ್ಪಿತು, ಹಾಗಾಗಿ ನಾಳೆಯೂ ಹೊಟ್ಟೆ ನೋಯುತ್ತದೆ. ಬೇಡದ್ದು ತಪ್ಪುವುದರಿಂದ ಒಂದು ವರ್ತನೆ ಗಟ್ಟಿಯಾಗುವುದು: ಮನೋವಿಜ್ಞಾನಿ ಸ್ಕಿನ್ನರ್ ಹೇಳುವ ಋಣಾತ್ಮಕ ಪುನರ್ಬಲನ ಇದೇ. ಇದನ್ನು ಶಿಕ್ಷೆ ಅಂತ ಬರೆಯುವವರು ಪ್ರತಿ ವರ್ಷ ಇರುತ್ತಿದ್ದರು. ಈ ಹುಡುಗನ ಕಥೆ ಕೇಳಿದ ಮೇಲೆ ಆ ತಪ್ಪು ನಿಂತಿತು. ಪಾವ್ಲೊವ್ ಕಡೆಯಿಂದ ನೋಡಿದರೆ ಗಂಟೆ ಸದ್ದಿಗೇ ಭಯ ಅಂಟಿಕೊಂಡಿದೆ. ಫ್ರಾಯ್ಡ್ ಆದರೆ ಅವನಿಗೇ ಗೊತ್ತಿಲ್ಲದ ಅಂಜಿಕೆಯನ್ನು ಹುಡುಕುತ್ತಾರೆ. ರೋಜರ್ಸ್ ಕೇಳುವುದೇ ಬೇರೆ: ಲೆಕ್ಕ ಬರದಿದ್ದರೂ ಈ ಕ್ಲಾಸಿನಲ್ಲಿ ಅವನನ್ನು ತಮ್ಮವನು ಅಂತ ನೋಡುವವರು ಇದ್ದಾರಾ? ಹುಡುಗ ಒಬ್ಬನೇ, ಪ್ರಶ್ನೆಗಳು ಬೇರೆ ಬೇರೆ. ಒಂದೊಂದು ಪಂಥವೂ ಒಂದೊಂದು ಪ್ರಶ್ನೆ ಅಂತ ವಿದ್ಯಾರ್ಥಿಗಳಿಗೆ ಅಲ್ಲಿ ಹೊಳೆಯಿತು.

ಮಕ್ಕಳ ಯೋಚನೆ ಹೇಗೆ ಬೆಳೆಯುತ್ತದೆ ಅಂತ ಅಧ್ಯಯನ ಮಾಡಿದ ಪಿಯಾಜೆಯನ್ನು ಮಾತ್ರ ಕ್ಲಾಸಿನೊಳಗೆ ಕಲಿಸಬಾರದು, ಮಕ್ಕಳ ಹತ್ತಿರವೇ ಹೋಗಬೇಕು ಅನ್ನಿಸಿತು. ಪಾತ್ರೆಯ ಆಕಾರ ಬದಲಾದರೆ ನೀರೂ ಹೆಚ್ಚು ಕಡಿಮೆ ಆಯಿತು ಅಂತ ಚಿಕ್ಕ ಮಕ್ಕಳು ತಿಳಿಯುತ್ತಾರೆ ಅನ್ನುವುದು ಅವರ ಮಾತು. ಪಕ್ಕದ ಅಂಗನವಾಡಿಗೆ ಹೋದೆವು. ಸ್ಟೀಲ್ ಲೋಟದಲ್ಲಿ ನೀರಿನ ಮಟ್ಟ ಕಾಣುವುದಿಲ್ಲ, ಅದಕ್ಕೆ ಗಾಜಿನವು ಬೇಕು. ಒಂದೇ ಅಳತೆಯ ಎರಡು, ಉದ್ದಕ್ಕೆ ಸಣ್ಣಗಿರುವುದು ಒಂದು. ನೀರಿಗೆ ಚಿಟಿಕೆ ಅರಿಶಿನ ಹಾಕಿದರೆ ಮಟ್ಟ ಚೆನ್ನಾಗಿ ಕಾಣುತ್ತದೆ.

ಐದು ವರ್ಷದ ಹುಡುಗಿ ಎದುರಿಗೆ ಕೂತಳು. ಎರಡು ಲೋಟದಲ್ಲೂ ಸಮ ನೀರು. "ಎರಡರಲ್ಲೂ ಒಂದೇ ಇದೆಯಾ?" "ಹೂಂ." ಒಂದು ಲೋಟದ ನೀರನ್ನು ಉದ್ದ ಲೋಟಕ್ಕೆ ಸುರಿದೆ. "ಈಗ?" ಅವಳು ನೀರು ನೋಡಿದಳು, ನನ್ನ ಮುಖ ನೋಡಿದಳು, ಮತ್ತೆ ನೀರು ನೋಡಿದಳು. ಆಮೇಲೆ ಉದ್ದ ಲೋಟದ ಮೇಲೆ ಬೆರಳಿಟ್ಟಳು. "ಇದ್ರಲ್ಲಿ ಜಾಸ್ತಿ."

ಪುಸ್ತಕದಲ್ಲಿ ಇದ್ದಂತೆಯೇ ಆಯಿತು ಅಂತ ಎಲ್ಲರೂ ಬರೆದುಕೊಂಡರು. ವಾಪಸ್ ಬರುವಾಗ ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಮೇಡಂ, ನೀವು ಒಂದೇ ಪ್ರಶ್ನೆ ಎರಡು ಸಲ ಕೇಳಿದ್ರಲ್ಲ. ಕ್ಲಾಸಲ್ಲಿ ಟೀಚರ್ ಮತ್ತೆ ಕೇಳಿದ್ರೆ ಮೊದ್ಲು ಹೇಳಿದ್ದು ತಪ್ಪು ಅಂತ ತಾನೇ ಅರ್ಥ? ಅದಕ್ಕೇ ಅವಳು ನಿಮ್ಮ ಮುಖ ನೋಡಿದ್ದು."

ನನಗೆ ಮೈ ಜುಮ್ಮೆಂದಿತು. ಹೆಚ್ಚು ಕಡಿಮೆ ಇದೇ ಅನುಮಾನ 1970ರ ದಶಕದಲ್ಲಿ ಸ್ಕಾಟ್ಲೆಂಡಿನ ಮನೋವಿಜ್ಞಾನಿಗಳಾದ ಮಾರ್ಗರೆಟ್ ಡೊನಾಲ್ಡ್‌ಸನ್ ಮತ್ತು ಮೆಕ್‌ಗ್ಯಾರಿಗಲ್ ಅವರಿಗೂ ಬಂದಿತ್ತು. ಅವರು ಸಮವಾಗಿ ಜೋಡಿಸಿದ್ದ ಬಿಲ್ಲೆಗಳ ಎರಡು ಸಾಲುಗಳಲ್ಲಿ ಒಂದನ್ನು ದೊಡ್ಡವರ ಕೈಯಿಂದ ಕದಲಿಸಲಿಲ್ಲ. ತುಂಟ ಕರಡಿ ಬೊಂಬೆಯೊಂದು ಬಂದು ಕೆಡಿಸುವಂತೆ ಮಾಡಿದರು. ಆಗ ಎಷ್ಟೋ ಹೆಚ್ಚು ಮಕ್ಕಳು "ಎರಡೂ ಒಂದೇ" ಅಂದರು. ಆ ವಿಷಯ ಕೇಳಿ ಆ ವಿದ್ಯಾರ್ಥಿನಿಯ ಕಣ್ಣು ಅರಳಿದ್ದು ಇನ್ನೂ ನೆನಪಿದೆ. ಹಾಗಂತ ಪಿಯಾಜೆ ತಪ್ಪು ಅಂತ ನಾನು ಹೇಳುವುದಿಲ್ಲ. ಮಗು ದೊಡ್ಡವರ ಹಾಗೆ ಯೋಚಿಸುವುದಿಲ್ಲ ಅನ್ನುವುದನ್ನು ಅವರು ತೋರಿಸಿದ್ದು ದೊಡ್ಡ ಕೆಲಸ. ಆದರೆ ಮಗುವಿನ ಎದುರಿಗೆ ಯಾವಾಗಲೂ ಒಬ್ಬ ದೊಡ್ಡವರು ಕೂತಿರುತ್ತಾರೆ, ಅಲ್ವಾ? ಪಿಯಾಜೆ ಹುಟ್ಟಿದ 1896ರಲ್ಲೇ ಹುಟ್ಟಿದ, ಮಗು ದೊಡ್ಡವರ ಒಡನಾಟದಲ್ಲೇ ಕಲಿಯುತ್ತದೆ ಅಂದ ವೈಗೋಟ್‌ಸ್ಕಿಯ ಪಾಠಕ್ಕೆ ಆ ದಿನದಿಂದ ಬೇರೆ ಪೀಠಿಕೆ ಬೇಕಾಗಲೇ ಇಲ್ಲ.

ಈಗ ಅಂಗನವಾಡಿಗೆ ಹೋದಾಗ ಕೆಲವು ಮಕ್ಕಳನ್ನು ಸುರಿಯುವ ಮೊದಲು ಏನೂ ಕೇಳುವುದಿಲ್ಲ. ಸುರಿದ ಮೇಲೆ ಒಂದೇ ಸಲ ಕೇಳುತ್ತೇವೆ. ಆಗಲೂ ಉದ್ದ ಲೋಟವನ್ನೇ ತೋರಿಸುವ ಮಕ್ಕಳಿರುತ್ತಾರೆ. ಅದನ್ನೂ ಹಾಗೇ ಬರೆದುಕೊಳ್ಳುತ್ತೇವೆ. ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆದಿದ್ದೇವೆ: ಉತ್ತರ ಹೇಳುವ ಮುಂಚೆ ಮಗು ಯಾರನ್ನು ನೋಡಿತು?