ಗೋವಾದ ಮಳೆಗಾಲದಲ್ಲಿ ಕೆಚ್ಚಲು ಬಾವು ತಡೆಯಲು ನಾನು ಮಾಡಿಕೊಂಡ ಒಣ ಕೊಟ್ಟಿಗೆ

ಸತ್ತರಿ ತಾಲೂಕಿನಲ್ಲಿ ಜೂನ್ ಮೊದಲ ವಾರ ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೂ ಗೋಡೆ, ಬಟ್ಟೆ, ಮೇವು ಯಾವುದೂ ಸರಿಯಾಗಿ ಒಣಗುವುದಿಲ್ಲ. ನಾವು ಬೈಲಹೊಂಗಲ ಕಡೆಯವರು. ಅಲ್ಲಿ ಆಕಳು ಅಂಗಳದ ಮಣ್ಣಲ್ಲಿ ಮಲಗಿದರೂ ಒಂದು ಹೊತ್ತಿನ ಬಿಸಿಲು ಸಾಕು. ಇಲ್ಲಿ ಬಿಸಿಲನ್ನು ನಂಬಿ ದನ ಕಟ್ಟೋಕಾಗಲ್ಲ. ವಾಲ್ಪೊಯಿ ಹತ್ತಿರ ನಾನು ಸಾಕಿರುವುದು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮತ್ತು ಜರ್ಸಿ ಮಿಶ್ರತಳಿ. ಗೋವಾದ್ದೇ ಆದ ಬಿಳಿ ಶ್ವೇತಕಪಿಲಾ ಈ ಹವೆಗೆ ಒಗ್ಗಿದ ತಳಿ. ಮಿಶ್ರತಳಿಗೆ ಹಾಲು ಜಾಸ್ತಿ, ಕೆಚ್ಚಲು ದೊಡ್ಡದು, ಆರೈಕೆಯೂ ಅಷ್ಟೇ ಜಾಸ್ತಿ ಬೇಕು.

ಆಕಳು ದಿನಕ್ಕೆ ಸುಮಾರು 10ರಿಂದ 12 ತಾಸು ಮಲಗುತ್ತದೆ. ಅಷ್ಟೂ ಹೊತ್ತು ಮೊಲೆ ನೆಲಕ್ಕೆ ತಾಗಿರುತ್ತದೆ. ಕೆಚ್ಚಲು ಬಾವು ತರುವ ರೋಗಾಣುಗಳಲ್ಲಿ ಎರಡು ಬಗೆ. ಒಂದು, ಹಿಂಡುವವರ ಕೈಯಿಂದ, ಬಟ್ಟೆಯಿಂದ ಆಕಳಿಂದ ಆಕಳಿಗೆ ಹೋಗುವುದು. ಇನ್ನೊಂದು, ಇ. ಕೋಲಿಯಂತೆ ಸಗಣಿ, ಗಂಜಲ, ಒದ್ದೆ ಹಾಸಿನಲ್ಲಿ ಬೆಳೆಯುವುದು. ಮಳೆಗಾಲದಲ್ಲಿ ನಮ್ಮನ್ನು ಕಾಡುವುದು ಹೆಚ್ಚಾಗಿ ಎರಡನೆಯದು. ಅದಕ್ಕೆ ಔಷಧಿಗಿಂತ ಮೊದಲು ನೆಲ ನೋಡಬೇಕು.

ಇಲ್ಲಿನ ಹಳೇ ಕೊಟ್ಟಿಗೆಗಳಲ್ಲಿ ನೆಲಕ್ಕೂ ಜಂಬಿಟ್ಟಿಗೆ ಕಲ್ಲೇ. ಆ ಕಲ್ಲಿಗೆ ಮೈತುಂಬ ತೂತು. ಗಂಜಲ ಒಳಗೆ ಇಳಿದು ಕೂರುತ್ತದೆ, ಎಷ್ಟು ತಿಕ್ಕಿದರೂ ಹೋಗಲ್ಲ. ನಾನು ಅದರ ಮೇಲೆ ಕಾಂಕ್ರೀಟ್ ಹಾಕಿಸಿದೆ. ಜಾರದ ಹಾಗೆ ಗೆರೆ ಕೊರೆಸಿ, ನಾಲ್ಕು ಅಡಿಗೆ ಒಂದಿಂಚಿನ ಲೆಕ್ಕದಲ್ಲಿ ಹಿಂದಿನ ಗಟಾರಕ್ಕೆ ಇಳಿಜಾರು ಕೊಡಿಸಿದೆ. ಗೌಂಡಿ ಇಳಿಜಾರು ಸಾಕು ಅಂದರೂ ಒಂದು ಕೊಡ ನೀರು ಸುರಿದು ನೋಡಿ. ಎಲ್ಲಿ ನಿಲ್ಲುತ್ತದೋ ಅಲ್ಲೇ ಮುಂದೆ ಗಂಜಲವೂ ನಿಲ್ಲುತ್ತದೆ.

ಇನ್ನು ತಾಡಪತ್ರಿ. ಮಳೆ ಎರಚುತ್ತದೆ ಅಂತ ನಾಲ್ಕೂ ಕಡೆ ನೀಲಿ ತಾಡಪತ್ರಿ ಕಟ್ಟಿಬಿಡುವುದು ಇಲ್ಲಿ ಮಾಮೂಲು. ಆಗ ದನದ ಉಸಿರು, ಗಂಜಲದ ಹಬೆ ಎಲ್ಲ ಒಳಗೇ ಉಳಿದು, ತಗಡಿನಿಂದ ನೀರು ತೊಟ್ಟಿಕ್ಕುತ್ತದೆ. ನಾನು ಮಳೆ ಹೊಡೆಯುವ ಪಡುವಣ ಕಡೆಗೆ ಮಾತ್ರ ಕಟ್ಟುತ್ತೇನೆ, ಅದೂ ಮೇಲೆ ಗಾಳಿಗೆ ಜಾಗ ಬಿಟ್ಟು. ಸೂರನ್ನು ಹೊರಕ್ಕೆ ಚಾಚಿ, ಮಾಡಿನ ನೆತ್ತಿಯಲ್ಲಿ ಹಬೆ ಹೋಗಲು ಸಂದು ಬಿಡಿಸಿದ್ದೇನೆ. ಒಳಗೆ ಕಾಲಿಟ್ಟಾಗ ಕಣ್ಣು ಉರಿದರೆ ಗಾಳಿ ಸಾಲದು ಎಂದೇ ಲೆಕ್ಕ.

ನೀರಿನ ವಿಷಯದಲ್ಲಿ ನಾನು ಊರಿನ ರೂಢಿಗೆ ಪೂರ್ತಿ ಉಲ್ಟಾ. ಎರಡು ಹೊತ್ತು ಪೈಪ್ ಹಿಡಿದು ಕೊಟ್ಟಿಗೆ, ಆಕಳು ಎಲ್ಲ ತೊಳೆಯುವುದೇ ಸ್ವಚ್ಛತೆ ಅಂತ ಬಹಳ ಜನರ ನಂಬಿಕೆ. ಕೆಲಸಕ್ಕಿರುವ ಸವದತ್ತಿ ಹುಡುಗ ಮೊದಲಿಗೆ ಒಪ್ಪಲೇ ಇಲ್ಲ. "ಅಕ್ಕಾರ, ನೀರ ಹೊಡೀಲಾರದ ಕೊಟ್ಟಿಗಿ ಹೆಂಗ ಸ್ವಚ್ಛ ಆಗತೈತ್ರಿ?" ಅಂದ. "ಆಕಳ ಮಲಗೋ ಜಾಗದಾಗ ಮೊಣಕಾಲ ಊರಿ ಕುಂದ್ರಪಾ. ನಿನ್ನ ಪ್ಯಾಂಟ್ ತೊಯ್ದರ ಅದರ ಕೆಚ್ಚಲನೂ ತೊಯ್ದಂಗ" ಅಂದೆ. ಈಗ ಅವನೇ ದಿನಾ ಹಾಗೆ ಕೂತು ನೋಡುತ್ತಾನೆ. ಸಗಣಿಯನ್ನು ಸಲಿಕೆಯಿಂದ ಮತ್ತೆ ಮತ್ತೆ ಎತ್ತುತ್ತೇವೆ. ನೀರು ಹಾಕುವುದು ದನ ಹೊರಗಿದ್ದಾಗ ಮಾತ್ರ, ಹಾಕಿದ ಮೇಲೆ ರಬ್ಬರ್ ವೈಪರ್‌ನಿಂದ ಎಳೆದು ಒಣಗಲು ಬಿಡುತ್ತೇವೆ.

ದನದ ಕೆಳಗೆ ಹಾಸಲು ಅತ್ಯುತ್ತಮ ಅಂದರೆ ಮರಳು. ಅದರಲ್ಲಿ ರೋಗಾಣುವಿಗೆ ತಿನ್ನಲು ಏನೂ ಇರಲ್ಲ. ಆದರೆ ಇಲ್ಲಿ ಮರಳು ದುಬಾರಿ, ಸಗಣಿ ಜತೆ ಗೋಬರ್ ಗ್ಯಾಸ್ ಗುಂಡಿಗೆ ಹೋದರೆ ಅಲ್ಲಿ ತಳ ಕಟ್ಟುತ್ತದೆ. ತೆಂಗಿನ ನಾರಿನ ಪುಡಿ ಬೇಸಿಗೆಗೆ ಮೆತ್ತಗೆ ಚೆನ್ನ, ಜುಲೈನಲ್ಲಿ ಮಾತ್ರ ನೀರು ಹೀರಿ ಹಿಡಿದುಕೊಳ್ಳುತ್ತದೆ. ಮರದ ಹೊಟ್ಟನ್ನು ನಾನು ಹತ್ತಿರವೂ ಬಿಡಲ್ಲ. ಒದ್ದೆ ಮರದ ಹೊಟ್ಟಿನಲ್ಲಿ ಕ್ಲೆಬ್ಸಿಯೆಲ್ಲಾ ಎಂಬ ಕೆಟ್ಟ ರೋಗಾಣು ಬೆಳೆಯುತ್ತದೆ, ಅದು ತರುವ ಬಾವು ಸುಲಭಕ್ಕೆ ಔಷಧಿಗೆ ಬಗ್ಗಲ್ಲ. ನನಗೆ ಒಗ್ಗಿದ್ದು ರೈಸ್ ಮಿಲ್ಲಿನ ಭತ್ತದ ಹೊಟ್ಟು. ನೀರು ಹಿಡಿದಿಡದೆ ಕೆಳಗೆ ಬಿಡುತ್ತದೆ. ಮಳೆ ಹಿಡಿಯುವ ಮುಂಚೆಯೇ ಚೀಲ ತುಂಬಿ ಅಟ್ಟದ ಮೇಲಿಡುತ್ತೇನೆ. ಹಿಂಗಾಲಿನ ಕಡೆಯ ಹೊಟ್ಟನ್ನು ದಿನಾ ಬದಲಿಸಿ, ಕೆಳಗೆ ಅರಳಿದ (ನೀರು ಹಾಕಿ ಪುಡಿಯಾದ) ಸುಣ್ಣದ ಪುಡಿ ತೆಳ್ಳಗೆ ಉದುರಿಸುತ್ತೇನೆ. ಸುಣ್ಣದ ಬಲ ಒಂದೆರಡು ದಿನವಷ್ಟೇ. ಅರಳದ ಸುಣ್ಣ ಖಂಡಿತ ಬೇಡ, ಮೊಲೆಯ ಚರ್ಮ ಸುಡುತ್ತದೆ.

ಹಿಂಡುವಾಗ ಕೆಚ್ಚಲಿಗೆ ಚೊಂಬುಗಟ್ಟಲೆ ನೀರು ಎರಚುವುದಿಲ್ಲ. ತೊಡೆಯ ಕೊಳೆ ಎಲ್ಲ ಇಳಿದು ಮೊಲೆ ತುದಿಗೇ ಬರುತ್ತದೆ. ಮೊಲೆಯಷ್ಟೇ ತೊಳೆದು, ಆಕಳಿಗೊಂದು ಬೇರೆ ಬಟ್ಟೆಯಲ್ಲಿ ಒರೆಸುತ್ತೇನೆ. ಮೊದಲ ಒಂದೆರಡು ಧಾರೆ ಕಪ್ಪು ಬಟ್ಟಲಿಗೆ. ಹೆಪ್ಪು ಕಂಡರೆ ಆ ಆಕಳನ್ನು ಕೊನೆಗೆ ಹಿಂಡುತ್ತೇನೆ, ಪಶುವೈದ್ಯರಿಗೆ ಅವತ್ತೇ ಹೇಳುತ್ತೇನೆ. ಹಿಂಡಿದ ಮೇಲೆ ಮೊಲೆಯನ್ನು ಅಯೋಡಿನ್ ದ್ರಾವಣದಲ್ಲಿ ಅದ್ದುವುದನ್ನು ಒಂದು ಹೊತ್ತೂ ಬಿಡುವುದಿಲ್ಲ. ಮೊಲೆಯ ತೂತು ಪೂರ್ತಿ ಮುಚ್ಚಲು ಅರ್ಧ ತಾಸಿಂದ ಒಂದು ತಾಸು ಬೇಕು. ಅಷ್ಟರಲ್ಲಿ ಆಕಳು ಮಲಗಬಾರದು, ಅದಕ್ಕೇ ಗೋದಲಿಗೆ ಹೊಸ ಮೇವು ಹಾಕುವುದು ಹಿಂಡಿದ ಮೇಲೆಯೇ.

ಹಾಲು ಬತ್ತಿಸಿದ ಆಕಳನ್ನು ಹಿಂದಿನ ಮೂಲೆಗೆ ತಳ್ಳಿ ಮರೆಯುವುದು ಎಲ್ಲ ಕಡೆ ನೋಡಿದ್ದೇನೆ. ಆದರೆ ಬತ್ತಿಸಿದ ಮೊದಲ ಎರಡು ವಾರ, ಕರು ಹಾಕುವ ಮುಂಚಿನ ಎರಡು ವಾರ ಕೆಚ್ಚಲಿಗೆ ಸೋಂಕು ಹಿಡಿಯುವ ಅಪಾಯ ಎಲ್ಲಕ್ಕಿಂತ ಜಾಸ್ತಿ. ಹಾಗಾಗಿ ನಮ್ಮಲ್ಲಿ ಮಳೆ ಎರಚದ ಮೂಡಣ ಮೂಲೆ ಹಾಲು ಬತ್ತಿಸಿದ ಗಬ್ಬದ ಆಕಳಿಗೇ ಮೀಸಲು. ಹೊಟ್ಟಿನ ಚೀಲ ಕಮ್ಮಿ ಬಿದ್ದ ದಿನವೂ ಮೊದಲು ಅಲ್ಲಿಗೆ ಹಾಕಿ, ಉಳಿದದ್ದನ್ನು ಹಾಲು ಕೊಡುವ ಆಕಳಿಗೆ ಹಂಚುತ್ತೇವೆ.